ಓಡಿಸಿದಷ್ಟು ಮೈಲಿಗೆ ಅಷ್ಟೇ ತೆರಿಗೆ: ಲೆಕ್ಕ ಹಾಕುವುದು ಹೇಗೆ?

ಅಮೆರಿಕದಲ್ಲಿ ರಸ್ತೆ ರಿಪೇರಿಗೆ ದುಡ್ಡು ಹುಟ್ಟುವ ಮುಖ್ಯ ಜಾಗ ಪೆಟ್ರೋಲ್ ಬಂಕ್. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಪೆಟ್ರೋಲ್ ಹಾಕಿಸಿದರೆ ಕೇಂದ್ರ ಸರ್ಕಾರಕ್ಕೆ 18.4 ಸೆಂಟ್ ಹೋಗುತ್ತದೆ. ರಾಜ್ಯದ ತೆರಿಗೆ ಬೇರೆ. ಈ 18.4 ಸೆಂಟ್ ನಿಗದಿಯಾದದ್ದು 1993ರಲ್ಲಿ. ಆಮೇಲೆ ಡಾಂಬರು, ಕಬ್ಬಿಣ, ಕೂಲಿ ಎಲ್ಲವೂ ಏರಿತು, ತೆರಿಗೆ ಮಾತ್ರ ಇದ್ದಲ್ಲೇ ಇದೆ. ಅಂದಿನ ಆ ದುಡ್ಡಿಗೆ ಇಂದು ಅರ್ಧದಷ್ಟೂ ಬೆಲೆಯಿಲ್ಲ. ಸಾಲದ್ದಕ್ಕೆ ಕಾರುಗಳ ಮೈಲೇಜ್ ಜಾಸ್ತಿಯಾಯಿತು. ಎಲೆಕ್ಟ್ರಿಕ್ ಕಾರುಗಳಂತೂ ಬಂಕಿನ ಕಡೆ ತಲೆ ಹಾಕುವುದೇ ಇಲ್ಲ. 1956ರಲ್ಲಿ ಹೆದ್ದಾರಿಗಳಿಗೆಂದೇ ಕಟ್ಟಿದ ನಿಧಿಗೆ 2008ರಿಂದ ಮತ್ತೆ ಮತ್ತೆ ಸಾಮಾನ್ಯ ಖಜಾನೆಯಿಂದ ಹಣ ಸುರಿಯುವ ಪರಿಸ್ಥಿತಿ ಬಂದಿದೆ.

ಅದಕ್ಕೇ ಹೊಸ ದಾರಿ ಹುಡುಕುತ್ತಿದ್ದಾರೆ. ಎಷ್ಟು ಪೆಟ್ರೋಲ್ ಸುಟ್ಟಿರಿ ಅಂತ ಕೇಳುವುದು ಬಿಟ್ಟು, ಎಷ್ಟು ದೂರ ಓಡಿಸಿದಿರಿ ಅಂತ ಕೇಳುವುದು. ಕೇಳಲು ಸಲೀಸು. ಲೆಕ್ಕವೂ ಸಲೀಸೇ. ಜಗಳ ಇರುವುದು ಮೈಲಿ ಎಣಿಸುವವರು ಯಾರು ಅನ್ನುವಲ್ಲಿ. ಒಂದೊಂದಾಗಿ ನೋಡೋಣ.

ಮೊದಲು, ಈಗ ಎಷ್ಟು ಕಟ್ಟುತ್ತಿದ್ದೀರಿ ನೋಡಿ

ವರ್ಷಕ್ಕೆ ಓಡಿಸುವ ಮೈಲಿಯನ್ನು ಕಾರಿನ ಮೈಲೇಜ್‌ನಿಂದ ಭಾಗಿಸಿ. ಬಂದ ಗ್ಯಾಲನ್‌ಗಳನ್ನು ತೆರಿಗೆಯಿಂದ ಗುಣಿಸಿ. ಆರೆಗಾನ್ ರಾಜ್ಯವನ್ನೇ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಪೆಟ್ರೋಲಿಗೆ ತೆರಿಗೆ ಹಾಕಿದ ಮೊದಲ ರಾಜ್ಯವೂ ಅದೇ, 1919ರಲ್ಲಿ. 2024ರಲ್ಲಿ ಅಲ್ಲಿನ ರಾಜ್ಯ ತೆರಿಗೆ ಗ್ಯಾಲನ್‌ಗೆ 40 ಸೆಂಟ್ ಇತ್ತು. ವರ್ಷಕ್ಕೆ 12,000 ಮೈಲಿ ಓಡುವ, ಗ್ಯಾಲನ್‌ಗೆ 20 ಮೈಲಿ ಕೊಡುವ ಕಾರಿಗೆ 600 ಗ್ಯಾಲನ್ ಬೇಕು. ತೆರಿಗೆ 240 ಡಾಲರ್. ಅಷ್ಟೇ ದೂರ ಓಡುವ, 50 ಮೈಲಿ ಕೊಡುವ ಹೈಬ್ರಿಡ್ ಕಾರಿಗೆ 240 ಗ್ಯಾಲನ್ ಸಾಕು. ತೆರಿಗೆ 96 ಡಾಲರ್. ಎಲೆಕ್ಟ್ರಿಕ್ ಕಾರಿಗೆ ಸೊನ್ನೆ. ಮೂರೂ ಓಡಿದ್ದು ಅದೇ ರಸ್ತೆ, ಅಷ್ಟೇ ದೂರ. ಸೊನ್ನೆ ಬಿದ್ದವರನ್ನು ಸುಮ್ನೆ ಬಿಡಬಾರದು ಅಂತ ಎಷ್ಟೋ ರಾಜ್ಯಗಳು ಎಲೆಕ್ಟ್ರಿಕ್ ಕಾರಿಗೆ ವರ್ಷಕ್ಕಿಷ್ಟು ಅಂತ ಒಂದೇ ಮೊತ್ತದ ಶುಲ್ಕ ಹಾಕಿವೆ. ಆದರೆ ವಾರಕ್ಕೊಮ್ಮೆ ಕಾರು ತೆಗೆಯುವ ಅಜ್ಜನಿಗೂ, ದಿನವಿಡೀ ಟ್ಯಾಕ್ಸಿ ಓಡಿಸುವವರಿಗೂ ಒಂದೇ ಶುಲ್ಕ ಅಂದರೆ ಅದೂ ನ್ಯಾಯ ಅಲ್ಲ, ಅಲ್ವಾ?

ದರ ಕಟ್ಟುವುದು

ಆರೆಗಾನ್ ಇಲ್ಲಿ ಜಾಣತನ ಮಾಡಿತು. ಹೊಸದಾಗಿ ದರ ಹುಡುಕುವ ಗೋಜಿಗೇ ಹೋಗಲಿಲ್ಲ. ಪೆಟ್ರೋಲ್ ತೆರಿಗೆಯ ನೂರಕ್ಕೆ 5ರಷ್ಟನ್ನು ಒಂದು ಮೈಲಿಯ ದರ ಅಂತ ಇಟ್ಟುಕೊಂಡಿತು. ಅಂದರೆ 20 ಮೈಲಿ ಕೊಡುವ ಕಾರಿಗೆ ಹಳೆಯದೂ ಹೊಸದೂ ಸರಿಸಮ. 2015ರ ಜುಲೈನಲ್ಲಿ ‘ಆರೆಗೋ’ ಹೆಸರಿನಲ್ಲಿ ಯೋಜನೆ ಶುರುವಾದಾಗ ಮೈಲಿಗೆ 1.5 ಸೆಂಟ್ ಇತ್ತು. 40 ಸೆಂಟಿನ ಲೆಕ್ಕಕ್ಕೆ ಅದು 2 ಸೆಂಟ್ ಆಯಿತು. ಇಷ್ಟವಿದ್ದವರು ಮಾತ್ರ ಸೇರಬಹುದಿತ್ತು.

ಹಳೆಯ ತೆರಿಗೆ ಕಳೆಯಿರಿ

ಇದನ್ನು ಮರೆತರೆ ಒಂದೇ ರಸ್ತೆಗೆ ಎರಡು ಸಲ ಕಟ್ಟಿದಂತಾಗುತ್ತದೆ. ಬಂಕಿನಲ್ಲಿ ಆಗಲೇ ಕೊಟ್ಟ ರಾಜ್ಯ ತೆರಿಗೆಯನ್ನು ಮೈಲಿ ಬಿಲ್ಲಿನಿಂದ ಕಳೆಯಬೇಕು. ಮೇಲಿನ ಹೈಬ್ರಿಡ್ ಕಾರಿನ ಮೈಲಿ ಬಿಲ್ 240 ಡಾಲರ್. ಬಂಕಿನಲ್ಲಿ ಕೊಟ್ಟ 96 ಕಳೆದರೆ ಇನ್ನೂ 144 ಕಟ್ಟಬೇಕು. ಎಲೆಕ್ಟ್ರಿಕ್ ಕಾರಿನವರು ಪೂರ್ತಿ 240. ಗ್ಯಾಲನ್‌ಗೆ 15 ಮೈಲಿ ಮಾತ್ರ ಕೊಡುವ ಹಳೆಯ ಪಿಕಪ್ ಬಂಕಿನಲ್ಲಿ 320 ಡಾಲರ್ ತೆರಿಗೆ ಕೊಟ್ಟಿರುತ್ತದೆ. ಬರೀ ಮೈಲಿ ಲೆಕ್ಕಕ್ಕೆ ಬಂದರೆ ಅದಕ್ಕೆ 80 ಡಾಲರ್ ಉಳಿತಾಯ. ಹೊಗೆ ಜಾಸ್ತಿ ಉಗುಳುವ ಗಾಡಿಗೆ ತೆರಿಗೆ ಕಡಿಮೆ, ಹಾಗಾದರೆ ಇದೆಂಥ ನ್ಯಾಯ ಅನ್ನುವ ಪರಿಸರವಾದಿಗಳ ಸಿಟ್ಟು ಅರ್ಥವಾಗುವಂಥದ್ದೇ. ನನ್ನ ಮಟ್ಟಿಗೆ ಹೇಳುವುದಾದರೆ ರಸ್ತೆಯ ಲೆಕ್ಕ ಬೇರೆ, ಹೊಗೆಯ ಲೆಕ್ಕ ಬೇರೆ. ಹೊಗೆಗೆ ತೆರಿಗೆ ಬೇಕಿದ್ದರೆ ಅದನ್ನು ಪೆಟ್ರೋಲಿನ ಮೇಲೆಯೇ ಬೇರೆಯಾಗಿ ಹಾಕಲಿ.

ಮೈಲಿ ಎಣಿಸುವುದು: ರಗಳೆ ಇರುವುದೇ ಇಲ್ಲಿ

ಆರೆಗಾನ್‌ನಲ್ಲಿ 2006–07ರಲ್ಲಿ ಮೊದಲ ಪ್ರಯೋಗ ನಡೆಯಿತು. ಕಾರಿನಲ್ಲಿ ಜಿಪಿಎಸ್ ಇರುವ ಡಬ್ಬಿ ಕೂರಿಸಿದ್ದರು. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಡಬ್ಬಿ ಎಷ್ಟು ಮೈಲಿ ಓಡಿತು ಅಂತ ಪಂಪಿಗೆ ಹೇಳುತ್ತಿತ್ತು. ರಸೀದಿಯಲ್ಲಿ ಪೆಟ್ರೋಲ್ ತೆರಿಗೆ ಹೋಗಿ ಮೈಲಿ ಶುಲ್ಕ ಬರುತ್ತಿತ್ತು. ಯಂತ್ರ ಸರಿಯಾಗಿಯೇ ಕೆಲಸ ಮಾಡಿತು. ಜನ ಮಾತ್ರ ಒಪ್ಪಲಿಲ್ಲ. ನಾನು ಎಲ್ಲಿಗೆ ಹೋಗುತ್ತೇನೆ ಅಂತ ಸರ್ಕಾರಕ್ಕೆ ಯಾಕೆ ಗೊತ್ತಾಗಬೇಕು ಅಂದರು. ಪಾಠ ಕಲಿತ ರಾಜ್ಯ ಮುಂದಿನ ಸುತ್ತಿನಲ್ಲಿ ಆಯ್ಕೆಯನ್ನು ಚಾಲಕರಿಗೇ ಬಿಟ್ಟಿತು. ಜಿಪಿಎಸ್ ಇರುವ ಸಾಧನ ಬೇಕಾದರೆ ಅದು, ಇಲ್ಲದ್ದು ಬೇಕಾದರೆ ಅದು. ಜಾಗದ ಮಾಹಿತಿಯನ್ನು ಬಿಲ್ಲಿನ ವ್ಯವಹಾರ ಮುಗಿದ 30 ದಿನಗಳೊಳಗೆ ಅಳಿಸಬೇಕು ಅಂತ ಕಾನೂನಿನಲ್ಲೇ ಬರೆಯಿತು.

ಜಿಪಿಎಸ್‌ನಿಂದ ಒಂದು ಲಾಭವಿದೆ. ಪಕ್ಕದ ರಾಜ್ಯದಲ್ಲಿ ಓಡಿಸಿದ ಮೈಲಿ ನಿಮ್ಮ ಬಿಲ್ಲಿಗೆ ಬರುವುದಿಲ್ಲ. ಗಡಿ ಹತ್ತಿರ ಇರುವವರಿಗೆ ಇದು ದೊಡ್ಡ ವಿಷಯ. ಉಳಿದವರಿಗೆ ಕಾರಿನಲ್ಲಿ ಮೊದಲಿನಿಂದಲೂ ಇರುವ ಓಡೋಮೀಟರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದು ಎಷ್ಟು ದೂರ ಅಂತ ಹೇಳುತ್ತದೆ, ಎಲ್ಲಿಗೆ ಅಂತ ಬಾಯಿ ಬಿಡುವುದಿಲ್ಲ. ಹವಾಯಿ ಮಾಡಿರುವುದು ಇದನ್ನೇ. ಅಲ್ಲಿ ವರ್ಷಕ್ಕೊಮ್ಮೆ ಗಾಡಿಯ ಸುರಕ್ಷತೆ ತಪಾಸಣೆ ಆಗಲೇಬೇಕು. ಆಗ ಓಡೋಮೀಟರ್ ಓದುತ್ತಾರೆ, ಹೊಸ ಡಬ್ಬಿಯೂ ಬೇಡ, ಆ್ಯಪೂ ಬೇಡ. 2025ರ ಜುಲೈನಿಂದ ಅಲ್ಲಿನ ಎಲೆಕ್ಟ್ರಿಕ್ ಕಾರಿನವರಿಗೆ ಎರಡು ದಾರಿ: ವರ್ಷಕ್ಕೆ 50 ಡಾಲರ್, ಇಲ್ಲವೇ 1,000 ಮೈಲಿಗೆ 8 ಡಾಲರ್. ಎರಡನೆಯದಕ್ಕೂ 50 ಡಾಲರ್ ಮಿತಿ ಇದೆ. ಹಾಗಾಗಿ 6,250 ಮೈಲಿ ದಾಟಿದರೆ ಎರಡೂ ಒಂದೇ, ಅದಕ್ಕಿಂತ ಕಡಿಮೆ ಓಡಿಸಿದರೆ ಮೈಲಿ ಲೆಕ್ಕದಲ್ಲೇ ಲಾಭ. 2028ರಿಂದ ಎಲೆಕ್ಟ್ರಿಕ್ ಕಾರುಗಳಿಗೆ ಮೈಲಿ ಲೆಕ್ಕವೇ ಕಡ್ಡಾಯ.

ಮೀಟರ್ ತಿರುಗಿಸಿ ಮೋಸ ಮಾಡುವವರು ಇರುವುದಿಲ್ಲವೇ? ಇದ್ದೇ ಇರುತ್ತಾರೆ. ಅದಕ್ಕೆ ಪ್ರತಿ ವರ್ಷದ ಓದು ದಾಖಲೆಯಲ್ಲಿ ಉಳಿಯಬೇಕು. ಹೋದ ವರ್ಷಕ್ಕಿಂತ ಸಂಖ್ಯೆ ಕೆಳಗಿಳಿದರೆ ಗೊತ್ತಾಗಿಬಿಡುತ್ತದೆ.

ತೂಕ

ರಸ್ತೆ ಹಾಳಾಗುವುದು ಮೈಲಿಯಿಂದ ಮಾತ್ರ ಅಲ್ಲ. 1950ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಪರೀಕ್ಷೆಗೆಂದೇ ರಸ್ತೆ ಹಾಕಿ, ಅದರ ಮೇಲೆ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ನೋಡಿದರು. ಅದರಿಂದ ಬಂದ ಸೂತ್ರವನ್ನು ಎಂಜಿನಿಯರ್‌ಗಳು ಇಂದಿಗೂ ಹೇಳುತ್ತಾರೆ: ಆ್ಯಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಪೆಟ್ಟು ಸುಮಾರು 16 ಪಟ್ಟು. ಒಂದು ಟನ್ನಿನ ಆ್ಯಕ್ಸಲ್‌ಗೂ ಎಂಟು ಟನ್ನಿನ ಆ್ಯಕ್ಸಲ್‌ಗೂ ಹೋಲಿಸಿದರೆ ವ್ಯತ್ಯಾಸ 4,096 ಪಟ್ಟು! ಹಾಗಾಗಿ ಕಾರಿಗೆ ಬರೀ ಮೈಲಿ ಲೆಕ್ಕ ನಡೆಯುತ್ತದೆ, ಲಾರಿಗೆ ನಡೆಯುವುದಿಲ್ಲ. ಆರೆಗಾನ್ 1940ರ ದಶಕದಿಂದಲೇ ಭಾರಿ ಲಾರಿಗಳಿಂದ ತೂಕ, ಮೈಲಿ ಎರಡನ್ನೂ ಸೇರಿಸಿ ವಸೂಲಿ ಮಾಡುತ್ತಿದೆ. ಕಾರಿಗೆ ಮೈಲಿ ತೆರಿಗೆ ಅಂದರೆ ಹೌಹಾರುವವರು ಈ ಹಳೆಯ ಪದ್ಧತಿಯನ್ನು ಗಮನಿಸಿದಂತಿಲ್ಲ.

ವಸೂಲಿ, ಕಾನೂನು

ಪೆಟ್ರೋಲ್ ತೆರಿಗೆಯ ದೊಡ್ಡ ಗುಣ ಅಂದರೆ ಕೆಲವೇ ಸಗಟು ವ್ಯಾಪಾರಿಗಳಿಂದ ವಸೂಲಿ ಮಾಡಿದರೆ ಮುಗಿಯಿತು. ಮೈಲಿ ತೆರಿಗೆಯಲ್ಲಿ ಲಕ್ಷಾಂತರ ಮನೆಗಳಿಗೆ ಬಿಲ್ ಕಳಿಸಬೇಕು, ಬಾಕಿ ಉಳಿಸಿದವರ ಬೆನ್ನು ಹತ್ತಬೇಕು. ಖರ್ಚು ಜಾಸ್ತಿ. ತೆರಿಗೆ ಹಾಕುವ ಅಧಿಕಾರ ಯಾರಿಗಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರಲ್ಲಿ ಎಲೆಕ್ಟ್ರಿಕ್ ಕಾರಿಗೆ ಕಿಲೋಮೀಟರ್ ಶುಲ್ಕ ಹಾಕಿತು. ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಅಂತ 2023ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಅದನ್ನು ರದ್ದು ಮಾಡಿತು.

ನ್ಯೂಜಿಲೆಂಡ್ ವಸೂಲಿಯ ತಲೆನೋವನ್ನು ಮುಂಗಡದಿಂದ ಬಗೆಹರಿಸಿದೆ. ಡೀಸೆಲ್ ಗಾಡಿಗಳಿಗೆ 1970ರ ದಶಕದಿಂದ, ಎಲೆಕ್ಟ್ರಿಕ್ ಕಾರುಗಳಿಗೆ 2024ರ ಏಪ್ರಿಲ್‌ನಿಂದ ಇದೇ ಪದ್ಧತಿ. ದೂರವನ್ನು 1,000 ಕಿಲೋಮೀಟರ್‌ಗಳ ಲೆಕ್ಕದಲ್ಲಿ ಮೊದಲೇ ಕೊಳ್ಳಬೇಕು. 2024ರಲ್ಲಿ ಎಲೆಕ್ಟ್ರಿಕ್ ಕಾರಿಗೆ ದರ 1,000ಕ್ಕೆ 76 ನ್ಯೂಜಿಲೆಂಡ್ ಡಾಲರ್. ಮೀಟರ್ 42,300 ತೋರಿಸುವಾಗ 5,000 ಕಿಲೋಮೀಟರ್ ಕೊಂಡರೆ 380 ಡಾಲರ್, ಮೇಲೊಂದಿಷ್ಟು ಕಚೇರಿ ಶುಲ್ಕ. ಮುಂದಿನ ಗಾಜಿಗೆ ಅಂಟಿಸುವ ಚೀಟಿಯಲ್ಲಿ 42,300ರಿಂದ 47,300 ಅಂತ ಇರುತ್ತದೆ. ಅಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ಚೀಟಿ ನೋಡಬೇಕು, ಆಮೇಲೆ ಮೀಟರ್. ಮೀಟರಿನ ಸಂಖ್ಯೆ ಚೀಟಿಯನ್ನು ದಾಟಿದ್ದರೆ ಆ ಬಾಕಿ ಕೊಂಡವರ ಕುತ್ತಿಗೆಗೆ ಬರಬಹುದು. ಅಷ್ಟು ಹಣ ಇಳಿಸಿಕೊಂಡೇ ಬೆಲೆ ಮಾತಾಡಿ.