ಒಂದೇ ಜಾಗದಲ್ಲಿ ನಿಂತು 17 ತಿಂಗಳು

2019ರ ನವೆಂಬರ್‌ನಲ್ಲಿ ಅಪ್ಪ ಹಾಸನದಿಂದ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಅಮೆರಿಕದ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ. ಡಿಸ್ನಿಯವರ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಮನೆಯಿಂದ ಅರ್ಧ ಗಂಟೆ ದಾರಿ. ಅಪ್ಪನಿಗೆ ರೈಡು ಗೀಡು ಏನೂ ಬೇಕಿರಲಿಲ್ಲ. ಆದರೆ ಸ್ಪ್ಲ್ಯಾಶ್ ಮೌಂಟನ್ ಎಂಬ ದೋಣಿ ರೈಡಿನ ಎದುರು ಬಂದಾಗ ನಿಂತುಬಿಟ್ಟರು. ಮೇಲಿನಿಂದ ದೋಣಿ ಜಾರಿ ನೀರಿಗೆ ಬೀಳುವುದನ್ನು ಬಹಳ ಹೊತ್ತು ನೋಡಿದರು. "ಈ ಗುಡ್ಡ ನಿಜವಾದ್ದಾ?" ಅಂತ ಕೇಳಿದರು. ಅಲ್ಲಪ್ಪ, ಕಟ್ಟಿರೋದು ಎಂದೆ. "ಹಾಗಾದ್ರೆ ಒಳಗೆ ಹೋಗಿ ನೋಡಲೇಬೇಕು" ಎಂದರು. ಅಪ್ಪ 30 ವರ್ಷ ಕಟ್ಟಡದ ಮೇಸ್ತ್ರಿಯಾಗಿದ್ದವರು.

ಮುಂದಿನ ಸಾಲಿನಲ್ಲೇ ಕೂತೆವು. ಸುಮಾರು 50 ಅಡಿ ಎತ್ತರದಿಂದ ದೋಣಿ ಇಳಿಯಿತು. ಅಪ್ಪನ ಸ್ವೆಟರ್ ಪೂರ್ತಿ ನೆನೆದುಹೋಯಿತು. ಹೊರಗೆ ಬಂದವರು ಮೊದಲು ಹೇಳಿದ್ದು ನೀರಿನ ಬಗ್ಗೆ ಅಲ್ಲ. "ಗಾರೆ ಕೆಲಸ ಎಷ್ಟು ಚೆನ್ನಾಗಿ ಮಾಡವ್ರೆ" ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಗುಡ್ಡ ಎಂದೇ ಆಯಿತು.

2020ರ ಜೂನ್ 25ರಂದು ಡಿಸ್ನಿಯವರು ಆ ರೈಡನ್ನು ಬದಲಾಯಿಸುತ್ತೇವೆ ಎಂದು ಪ್ರಕಟಿಸಿದರು. ನನಗೆ ತುಂಬಾ ಬೇಜಾರಾಯಿತು. ಯಾಕೆ ಎಂದು ಆಗ ಗೊತ್ತಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು, ಕಪ್ಪು ಜನಾಂಗದವಳು, ಊಟದ ಹೊತ್ತಿನಲ್ಲಿ ವಿವರಿಸಿದಳು. ರೈಡಿನ ಕಥೆ ಬಂದಿದ್ದು ಡಿಸ್ನಿಯವರೇ 1946ರಲ್ಲಿ ತೆಗೆದ 'ಸಾಂಗ್ ಆಫ್ ದ ಸೌತ್' ಚಿತ್ರದಿಂದ. ಗುಲಾಮಗಿರಿ ಮುಗಿದ ಹೊಸತರಲ್ಲಿ ಜಾರ್ಜಿಯಾದ ತೋಟವೊಂದರಲ್ಲಿ ನಡೆಯುವ ಕಥೆ ಅದು. ಅಲ್ಲಿ ಕಪ್ಪು ಜನರ ಬದುಕನ್ನು ಸುಖವಾಗಿದೆ ಎಂಬಂತೆ ತೋರಿಸಿದ್ದಾರೆ ಎಂದು ಚಿತ್ರ ಬಂದಾಗಲೇ ವಿರೋಧ ಎದ್ದಿತ್ತು. ಅಮೆರಿಕದಲ್ಲಿ ಅದನ್ನು ಮನೆಯಲ್ಲಿ ನೋಡಲು ಟೇಪಿನಲ್ಲಾಗಲಿ ಡಿಸ್ಕಿನಲ್ಲಾಗಲಿ ಡಿಸ್ನಿಯವರು ಬಿಡುಗಡೆ ಮಾಡಲೇ ಇಲ್ಲ. ನಾನು ಇದ್ಯಾವುದೂ ತಿಳಿಯದೆ ರೈಡಿನಲ್ಲಿ ಕೇಳಿದ ಹಾಡನ್ನು ಗುನುಗುತ್ತಿದ್ದೆ. ರೈಡಿನ ಕಥೆಯಲ್ಲಿ ನರಿ, ಕರಡಿಗಳಿಂದ ತಪ್ಪಿಸಿಕೊಳ್ಳುವ ಮೊಲ ಮಾತ್ರ ನನಗೆ ಮೊದಲಿನಿಂದ ಗೊತ್ತಿದ್ದ ಹಾಗೇ ಇತ್ತು. ಸಿಂಹವನ್ನು ಬಾವಿಗೆ ಬೀಳಿಸಿದ ನಮ್ಮ ಮೊಲದ ತರಹದ್ದು. ಆ ಮೊಲದ ಕಥೆಗಳ ಬೇರು ಆಫ್ರಿಕಾದಲ್ಲಿದೆ, ಅವುಗಳನ್ನು ಉಳಿಸಿಕೊಂಡು ಬಂದವರು ಗುಲಾಮರೇ ಎಂದು ಗೆಳತಿ ಹೇಳಿದಳು. ಅವತ್ತು ಎರಡು ಮಾತು ಒಟ್ಟಿಗೆ ಒಪ್ಪಿಕೊಂಡೆ. ಅದು ಹೋಗುವುದು ಸರಿ. ಹೋದರೆ ನನಗೆ ನೋವಾಗುತ್ತದೆ.

ಹಾಗಾಗಿ ಕಣ್ಣಾರೆ ನೋಡೋಣ ಎಂದು ತೀರ್ಮಾನಿಸಿದೆ. ಕೊನೆಯ ದಿನದಿಂದ ಹೊಸದರ ಮೊದಲ ದಿನದವರೆಗೆ.

ಕೊನೆಯ ದಿನ 2023ರ ಜನವರಿ 22, ಭಾನುವಾರ. ಸಾಲು ಗಂಟೆಗಟ್ಟಲೆ ಇತ್ತು. ಕೆಲವರು ಅಳುತ್ತಿದ್ದರು. ಆ ದಿನಗಳಲ್ಲಿ ರೈಡಿನ ನೀರನ್ನು ಡಬ್ಬಿಯಲ್ಲಿ ತುಂಬಿಸಿ ಆನ್‌ಲೈನ್‌ನಲ್ಲಿ ಮಾರಿದವರೂ ಇದ್ದರು. ನನ್ನ ಮಗಳಿಗೆ ಆಗ ಮೂರೂವರೆ ವರ್ಷ. ರೈಡಿಗೆ 40 ಇಂಚು ಎತ್ತರ ಬೇಕು. ಅವಳು 38. ಅಳತೆ ಕೋಲಿನ ಪಕ್ಕ ತುದಿಗಾಲಲ್ಲಿ ನಿಂತಳು. ಆಗಲಿಲ್ಲ. ಅವಳಪ್ಪ ಅವಳನ್ನು ಎತ್ತಿಕೊಂಡು ಹೊರಗೆ ನಿಂತರು. ನಾನೊಬ್ಬಳೇ ಹೋಗಿಬಂದೆ.

ಈಗ ನಾನು ಹೇಗೆ ನೋಡುತ್ತಾ ಹೋದೆ ಎಂದು ಹೇಳುತ್ತೇನೆ. ಇಂಥದ್ದನ್ನು ಮಾಡಬೇಕು ಅಂತಿರುವವರಿಗೆ ಉಪಯೋಗವಾಗಬಹುದು.

ಮೊದಲನೆಯದು ಜಾಗ. ಮುಚ್ಚಿದ ರೈಡಿನ ಸುತ್ತ ಎತ್ತರದ ಬೇಲಿ ಬರುತ್ತದೆ. ಬೇಲಿಯ ಮುಂದೆ ನಿಂತರೆ ಬೇಲಿಯೇ ಕಾಣುವುದು. ಹಾಗಾಗಿ ಬೇಲಿಗಿಂತ ಎತ್ತರದ ಜಾಗ ಬೇಕು, ಇಲ್ಲದಿದ್ದರೆ ದೂರದ ಜಾಗ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನನಗೆ ಅಂಥವು ಮೂರು ಸಿಕ್ಕವು. ಒಂದು, ಪಾರ್ಕಿನ ಸುತ್ತ ಓಡುವ ಉಗಿಬಂಡಿ. ನಾಲ್ಕು ವರ್ಷ ನಿಂತಿದ್ದ ಅದು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಅದರ ಹಳಿ ಆ ಗುಡ್ಡದ ಒಳಗಿನಿಂದಲೇ ಹೋಗುತ್ತದೆ. ಎರಡು, ಪಾರ್ಕಿನೊಳಗಿನ ಟಾಮ್ ಸಾಯರ್ ದ್ವೀಪಕ್ಕೆ ಹೋಗುತ್ತಿದ್ದ ತೆಪ್ಪ. ತೆಪ್ಪ ಹತ್ತುವ ಕಟ್ಟೆ ಗುಡ್ಡದ ಹತ್ತಿರವೇ ಇತ್ತು. ಮೂರನೆಯದು, ಆ ದ್ವೀಪದ ಸುತ್ತಲಿನ ಹೊಳೆಯಲ್ಲಿ ಓಡುತ್ತಿದ್ದ ಲಿಬರ್ಟಿ ಬೆಲ್ ಎಂಬ ಉಗಿದೋಣಿ. ಅದರ ಮೇಲಿನ ಅಟ್ಟ ನನಗೆ ಎಲ್ಲಕ್ಕಿಂತ ಇಷ್ಟದ್ದಾಗಿತ್ತು. ನಿಧಾನಕ್ಕೆ ಹೋಗುತ್ತಿತ್ತು. ಕೈ ಅಲುಗದೆ ಫೋಟೋ ತೆಗೆಯಬಹುದಿತ್ತು. ಮಗಳಿಗೆ ಕಾಲುಗಂಟೆ ಗಾಳಿ ಸಿಗುತ್ತಿತ್ತು.

ಪ್ರತಿ ತಿಂಗಳು ಒಂದು ಭಾನುವಾರ ಹೋಗುತ್ತಿದ್ದೆ. ಅದೇ ಅಟ್ಟ, ಅದೇ ಕಂಬ, ಅದೇ ತಿರುವು. ಫೋನನ್ನು ಜೂಮ್ ಮಾಡದೆ ಒಂದು, ಜೂಮ್ ಮಾಡಿ ಒಂದು. ಅಷ್ಟೇ. ಮೊದಲೆರಡು ತಿಂಗಳು ನೂರಾರು ಫೋಟೋ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಒಂದಕ್ಕೊಂದು ಹೋಲಿಸಲು ಬರುತ್ತಲೇ ಇರಲಿಲ್ಲ. ಒಂದೇ ಜಾಗದ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಮಾತ್ರ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಡ್ರೋನ್ ಯೋಚನೆ ಬಿಟ್ಟುಬಿಡಿ. ಆ ಪಾರ್ಕುಗಳ ಸುತ್ತ ಮೂರು ನಾಟಿಕಲ್ ಮೈಲಿ, ಮೇಲೆ 3000 ಅಡಿವರೆಗೆ ಹಾರಾಟಕ್ಕೆ ಕೇಂದ್ರ ಸರ್ಕಾರದ ನಿರ್ಬಂಧವಿದೆ. ವಿಮಾನದಿಂದ ಫೋಟೋ ತೆಗೆಯುವ ಕೆಲವು ಅಭಿಮಾನಿಗಳು ಅದಕ್ಕೂ ಮೇಲಿನಿಂದ ತೆಗೆಯುತ್ತಾರೆ. ಅವರ ಫೋಟೋಗಳು ನನಗೆ ಬಹಳ ಸಹಾಯ ಮಾಡಿದವು. ನಾನು ಪಕ್ಕದಿಂದ ನೋಡಿದ್ದನ್ನು ಅವು ಮೇಲಿನಿಂದ ತೋರಿಸುತ್ತಿದ್ದವು.

ಫೋಟೋಗಳನ್ನು ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ಸುಮ್ನೆ ನೋಡಲಿ ಅಂತ ಶುರುಮಾಡಿದ್ದು. ಆದರೆ ನನಗೆ ಕಾಣದ್ದು ಅವರಿಗೆ ಕಾಣುತ್ತಿತ್ತು. ಹಳೆಯ ಗುಡ್ಡದ ತುದಿಯಲ್ಲಿ ಒಂದು ದೊಡ್ಡ ಮರದ ಮೊಂಡು ಇತ್ತು. ಅದನ್ನು ಬಿಚ್ಚುತ್ತಿದ್ದಾಗ ನನಗೆ ಕಂಡಿದ್ದು ಬರೀ ಒಡೆದ ರಾಶಿ. ಅಪ್ಪ ಫೋನ್ ಮಾಡಿದರು. "ಒಡೀತಿಲ್ಲ ಕಣಮ್ಮ, ಸಿಪ್ಪೆ ಸುಲಿತಾವ್ರೆ. ಒಳಗಿನ ಕಬ್ಬಿಣದ ಚೌಕಟ್ಟು ಹಾಗೇ ಬಿಟ್ಟವ್ರೆ ನೋಡು" ಎಂದರು. ಜೂಮ್ ಮಾಡಿ ನೋಡಿದೆ. ಹೌದು. ಇಂಥ ಗುಡ್ಡಗಳನ್ನು ಕಟ್ಟುವುದೇ ಹಾಗೆ. ಮೊದಲು ಕಬ್ಬಿಣದ ಚೌಕಟ್ಟು. ಅದರ ಮೇಲೆ ಬಂಡೆಯ ಆಕಾರಕ್ಕೆ ಬಗ್ಗಿಸಿದ ಕಂಬಿ, ಅದಕ್ಕೆ ತಂತಿ ಜಾಲರಿ. ಆಮೇಲೆ ಸಿಮೆಂಟು ಗಾರೆ. ಅದು ಹಸಿ ಇರುವಾಗಲೇ ಕೈಯಿಂದ ಕೆತ್ತುತ್ತಾರೆ. ಕೊನೆಗೆ ಬಣ್ಣ. ಒಂದು ತಿಂಗಳು ಅಪ್ಪ ಬರೀ ಸಾರವೆ ನೋಡಿ, "ಈ ಕಡೆ ಸಾರವೆ ಎದ್ದಿದೆ, ಇನ್ನು ಗಾರೆ ಶುರು" ಎಂದರು. ಮುಂದಿನ ತಿಂಗಳು ಹೋದರೆ ಅಲ್ಲಿ ಬೂದು ಬಣ್ಣದ ಹೊಸ ಗಾರೆ ಇತ್ತು. ಅಪ್ಪ ನಿವೃತ್ತರಾಗಿ ಆರು ವರ್ಷವಾಗಿತ್ತು. ಒಂದು ಕೆಲಸದ ಬಗ್ಗೆ ಅಷ್ಟು ಹುರುಪಿನಿಂದ ಮಾತಾಡಿದ್ದನ್ನು ನಾನು ಬಹಳ ದಿನದ ಮೇಲೆ ಕೇಳಿದ್ದು.

ಎರಡನೆಯದು ಕಾಗದಪತ್ರ. ಫ್ಲಾರಿಡಾದಲ್ಲಿ ದೊಡ್ಡ ಕೆಲಸ ಶುರುಮಾಡುವ ಮೊದಲು 'ನೋಟಿಸ್ ಆಫ್ ಕಮೆನ್ಸ್‌ಮೆಂಟ್' ಎಂಬ ಕಾಗದವನ್ನು ಕೌಂಟಿಯಲ್ಲಿ, ಅಂದರೆ ಜಿಲ್ಲಾ ಕಚೇರಿಯಲ್ಲಿ, ದಾಖಲಿಸುತ್ತಾರೆ. ನಮ್ಮಲ್ಲಿ ಅದು ಆರೆಂಜ್ ಕೌಂಟಿ. ಯಾರು ಬೇಕಾದರೂ ಮನೆಯಲ್ಲೇ ಕೂತು ಅದನ್ನು ಹುಡುಕಿ ಓದಬಹುದು. ಯಾವ ವಿಳಾಸ, ಯಾವ ಗುತ್ತಿಗೆದಾರ, ಸ್ಥೂಲವಾಗಿ ಏನು ಕೆಲಸ ಎಂದು ಇರುತ್ತದೆ. ಜಾಸ್ತಿ ಏನೂ ಇರುವುದಿಲ್ಲ. ಒಂದು ಸಾಲು, ಎರಡು ಸಾಲು. ಆದರೆ ಗುತ್ತಿಗೆದಾರನ ಹಳೆಯ ಕೆಲಸ ಏನು ಎಂದು ನೋಡಿದರೆ, ಈಗ ಬಂಡೆ ಕೆಲಸವೋ ವಿದ್ಯುತ್ ಕೆಲಸವೋ ಒಳಗಿನ ಸೆಟ್ ಕೆಲಸವೋ ಎಂದು ಊಹಿಸಬಹುದು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನೋಟಿಸ್‌ನಲ್ಲಿ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದನ್ನೇ ರೈಡ್ ತೆರೆಯುವ ದಿನ ಎಂದು ತಿಳಿದು ನಮ್ಮ ಕನ್ನಡ ಗುಂಪಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಊರಿನಿಂದ ಬರುವ ಅತ್ತೆ ಮಾವನಿಗೆ ಒಂದು ಮನೆಯವರು ಅದೇ ಲೆಕ್ಕದಲ್ಲಿ ಟಿಕೆಟ್ ನೋಡತೊಡಗಿದರು. ನಿಜವಾಗಿ ಆ ದಿನಾಂಕ ಕಾನೂನಿನ ಲೆಕ್ಕದ್ದು. ಬೇರೆ ದಿನ ಬರೆಯದಿದ್ದರೆ ದಾಖಲಿಸಿದ ಒಂದು ವರ್ಷಕ್ಕೆ ಅದು ಮುಗಿಯುತ್ತದೆ. ತೆರೆಯುವ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ. ಸಮಯಕ್ಕೆ ಸರಿಯಾಗಿ ಗೊತ್ತಾಯಿತು, ಅವರ ದುಡ್ಡು ಉಳಿಯಿತು. ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ನನ್ನ ಊಹೆ. ಗುಂಪಿಗೆ ಹೇಳುವುದು ಎಡಪುಟದ್ದು ಮಾತ್ರ.

ಹೊಸ ರೈಡಿನ ಹೆಸರು 2022ರ ಜುಲೈನಲ್ಲೇ ಗೊತ್ತಾಗಿತ್ತು. ಟಿಯಾನಾಸ್ ಬೈಯೂ ಅಡ್ವೆಂಚರ್. ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ ಟಿಯಾನಾ. ನ್ಯೂ ಆರ್ಲಿಯನ್ಸ್‌ನ ಹುಡುಗಿ, ಅಡುಗೆ ಮಾಡುವವಳು. ಆ ಊರಿನ ಹೆಸರಾಂತ ಅಡುಗೆಯವರಾದ ಲಿಯಾ ಚೇಸ್ ಅವರ ಬದುಕು ಆ ಪಾತ್ರಕ್ಕೆ ಸ್ಫೂರ್ತಿ. ಬೈಯೂ ಎಂದರೆ ಲೂಯಿಸಿಯಾನಾದ ಜೌಗು ಹೊಳೆ. ಅಭಿಮಾನಿಗಳಲ್ಲಿ ದೊಡ್ಡ ಜಗಳ ಇದ್ದಿದ್ದು ಇಲ್ಲೇ. ಜೌಗು ನೆಲದಲ್ಲಿ ಗುಡ್ಡ ಎಲ್ಲಿಂದ ಬಂತು? ದೋಣಿಯ ಹಳೆಯ ಕಾಲುವೆಯನ್ನೇ ಉಳಿಸಿಕೊಂಡಿದ್ದರು, ಹಾಗಾಗಿ ಗುಡ್ಡ ಬಿಡುವ ಹಾಗಿಲ್ಲ. ಡಿಸ್ನಿಯವರ ಉತ್ತರ ಉಪ್ಪಿನ ದಿಬ್ಬ. ಲೂಯಿಸಿಯಾನಾದಲ್ಲಿ ನೆಲದಡಿಯ ಉಪ್ಪು ಮೇಲಕ್ಕೆ ಉಬ್ಬಿ ದಿಬ್ಬವಾದ ಜಾಗಗಳು ನಿಜವಾಗಿಯೂ ಇವೆ. ಟಬಾಸ್ಕೊ ಸಾಸ್ ತಯಾರಾಗುವ ಏವರಿ ಐಲೆಂಡ್ ಅಂಥದ್ದೇ. ಬಹಳ ಜನ ಇದನ್ನು ನೆಪ ಎಂದರು. ನನಗೆ ಒಪ್ಪಿಗೆಯಾಯಿತು. ಕಟ್ಟಿದ ಗುಡ್ಡಕ್ಕೂ ಒಂದು ಭೂಗೋಳ ಬೇಕು ಎಂದು ಯಾರೋ ತಲೆಕೆಡಿಸಿಕೊಂಡಿದ್ದಾರಲ್ಲ, ಅದು ದೊಡ್ಡದು.

ಮೊದಲ ವರ್ಷ ಮುಗಿಯುವಷ್ಟರಲ್ಲಿ ದಿಬ್ಬದ ಮೇಲೆ ಹಸಿರು ಹತ್ತತೊಡಗಿತ್ತು. ಟಿಯಾನಾಳ ಕಿರೀಟ ಹೊತ್ತ ನೀರಿನ ಟ್ಯಾಂಕಿಯೂ ಎದ್ದಿತ್ತು. ಮಗಳು ಅದನ್ನು ದೂರದಿಂದಲೇ ಗುರುತಿಸುತ್ತಿದ್ದಳು. ಅವಳಿಗೆ ಹಳೆಯ ಗುಡ್ಡದ ನೆನಪು ಆಗಲೇ ಮಾಸಿತ್ತು. ನನ್ನ ಬೇಜಾರೂ ಯಾವಾಗ ಕಡಿಮೆಯಾಯಿತು ಎಂದು ಹೇಳಲಾರೆ. ನೋಟ್‌ಬುಕ್ ತಿರುವಿದರೆ ಗೊತ್ತಾಗುತ್ತದೆ. ಮೊದಮೊದಲು "ಅದು ಇಲ್ಲ, ಇದು ಇಲ್ಲ" ಎಂದೇ ಬರೆದಿದ್ದೇನೆ. 2023ರ ಕೊನೆಗೆ ಬರುವಾಗ "ಇದು ಬಂದಿದೆ, ಅದು ಬಂದಿದೆ" ಎಂದಾಗಿದೆ.

2024ರ ಮೊದಲ ತಿಂಗಳುಗಳಲ್ಲಿ ಒಂದು ಭಾನುವಾರ ಅಟ್ಟದಲ್ಲಿ ನಿಂತಿದ್ದಾಗ ನೀರಿನ ಸದ್ದು ಕೇಳಿತು. ವರ್ಷದಿಂದ ಒಣಗಿದ್ದ ಇಳಿಜಾರಿನಲ್ಲಿ ನೀರು ಹರಿಯುತ್ತಿತ್ತು. ಒಂದು ಖಾಲಿ ದೋಣಿ ಮೇಲೆ ಕಾಣಿಸಿ, ಕ್ಷಣ ನಿಂತಂತೆ ಮಾಡಿ, ಕೆಳಗೆ ಜಾರಿತು. ಅಟ್ಟದ ಮೇಲಿದ್ದ ಪರಿಚಯವೇ ಇಲ್ಲದ ನಾಲ್ಕೈದು ಜನ ಒಟ್ಟಿಗೆ ಕೂಗಿದೆವು. ಅವರೂ ನನ್ನ ಹಾಗೆ ತಿಂಗಳು ತಿಂಗಳು ಬರುತ್ತಿದ್ದವರು ಎಂದು ಆಮೇಲೆ ಗೊತ್ತಾಯಿತು. ಆ ದಿನ ಫೋಟೋ ತೆಗೆಯಲು ಮರೆತೆ. ನೋಟ್‌ಬುಕ್ಕಿನಲ್ಲಿ ಎಡಪುಟದಲ್ಲಿ "ನೀರು ಬಂತು" ಎಂದು ಬರೆದಿದೆ.

ಜೂನ್ 28, ಶುಕ್ರವಾರ ಹೊಸ ರೈಡ್ ತೆರೆಯಿತು. ಹಿಂದಿನ ರಾತ್ರಿ ಮಗಳನ್ನು ಅಡುಗೆಮನೆ ಬಾಗಿಲಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದೆ. 42 ಇಂಚು. ಮೊದಲ ಸಾಲಿನಲ್ಲಿ ಅವಳು, ಪಕ್ಕದಲ್ಲಿ ನಾನು. ಒಳಗೆ ಹಳೆಯ ಕಥೆಯ ನರಿ ಇಲ್ಲ, ಕರಡಿ ಇಲ್ಲ. ಮಾರ್ಡಿ ಗ್ರಾ ಹಬ್ಬದ ಕುಣಿತಕ್ಕೆ ವಾದ್ಯ ನುಡಿಸುವ ಪ್ರಾಣಿಗಳನ್ನು ಹುಡುಕಿಕೊಂಡು ಹೋಗುವ ಕಥೆ. ಖಳನಿಲ್ಲ, ಹೆದರಿಕೆಯಿಲ್ಲ ಎಂದು ಹಲವರ ದೂರು. ನನಗೂ ಬೀಳುವ ಮೊದಲಿನ ಆ ಢವಢವ ಸ್ವಲ್ಪ ಕಡಿಮೆ ಎನಿಸಿತು, ಅದು ನಿಜ. ಆದರೆ ಗೊಂಬೆಗಳ ಮುಖ, ಕೈಬೆರಳು ಅಷ್ಟು ಜೀವಂತವಾಗಿ ಅಲುಗುವುದನ್ನು ಹಳೆಯದರಲ್ಲಿ ನಾನು ಕಂಡಿರಲಿಲ್ಲ. ಕೊನೆಯ ಹಬ್ಬದ ಕೋಣೆಯಲ್ಲಿ ಮಗಳು ಕೂತಲ್ಲೇ ಕುಣಿದಳು.

ನಾನು ಮಾತ್ರ ಗಾರೆ ನೋಡುತ್ತಿದ್ದೆ. ಯಾವ ತಿಂಗಳು ಯಾವ ಕಡೆ ಸಾರವೆ ಇತ್ತು ಎಂದು ನೆನಪಾಗುತ್ತಿತ್ತು.

ಈ ಬದಲಾವಣೆ ಈ ಪಾರ್ಕುಗಳಿಗೆ ಹೊಸದಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1989ರಲ್ಲಿ ಸ್ಪ್ಲ್ಯಾಶ್ ಮೌಂಟನ್ ಕಟ್ಟಿದಾಗ ಅದರ ಬಹಳಷ್ಟು ಗೊಂಬೆಗಳು 'ಅಮೆರಿಕ ಸಿಂಗ್ಸ್' ಎಂಬ ಮುಚ್ಚಿದ ಪ್ರದರ್ಶನದಿಂದ ಬಂದವು. ಆ ಪ್ರದರ್ಶನ ಅಲ್ಲಿ ಬಂದಿದ್ದು ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಎಂಬ ಇನ್ನೊಂದು ಪ್ರದರ್ಶನ ಇದ್ದ ಕಟ್ಟಡಕ್ಕೆ. ಅಲ್ಲಿಂದ ಹೊರಟ ಕ್ಯಾರೊಸೆಲ್ 1975ರಲ್ಲಿ ನಮ್ಮ ಮ್ಯಾಜಿಕ್ ಕಿಂಗ್‌ಡಮ್ ಸೇರಿತು. ಟೋಕಿಯೊದಲ್ಲಿ ಸ್ಪ್ಲ್ಯಾಶ್ ಮೌಂಟನ್ ಉಳಿದುಕೊಂಡಿತು. ಅಪ್ಪನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.

2025ರ ಜುಲೈ 6ರಂದು ಮತ್ತೆ ಅದೇ ಅಟ್ಟದಲ್ಲಿ ನಿಂತಿದ್ದೆ. ಈ ಸಲ ಇಲ್ಲವಾಗುತ್ತಿದ್ದದ್ದು ಆ ಉಗಿದೋಣಿಯೇ. ಹೊಳೆ, ದ್ವೀಪ, ತೆಪ್ಪ, ಲಿಬರ್ಟಿ ಬೆಲ್ ಎಲ್ಲಕ್ಕೂ ಅದೇ ಕೊನೆಯ ದಿನ. ಆ ಜಾಗಕ್ಕೆ ಕಾರ್ಸ್ ಚಿತ್ರಗಳ ಕಥೆಯ ಹೊಸ ಪ್ರದೇಶ ಬರಲಿದೆ. ಕಂಬದ ಪಕ್ಕ ನಿಂತು ದಿಬ್ಬದ ಕೊನೆಯ ಎರಡು ಫೋಟೋ ತೆಗೆದೆ. ಜೂಮ್ ಇಲ್ಲದೆ ಒಂದು, ಜೂಮ್ ಮಾಡಿ ಒಂದು. ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ, ಹೊಳೆಯನ್ನು ಬತ್ತಿಸಿ ಮುಚ್ಚುತ್ತಾರಂತೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಷ್ಟು ನೀರು ಎಲ್ಲಿಗೆ ಬಿಡ್ತಾರಂತೆ?" ಎಂದರು.

ಹೊಳೆ, ಕೆರೆ ಮುಟ್ಟುವ ಕೆಲಸಕ್ಕೆ ಇಲ್ಲಿ ಸೌತ್ ಫ್ಲಾರಿಡಾ ವಾಟರ್ ಮ್ಯಾನೇಜ್‌ಮೆಂಟ್ ಡಿಸ್ಟ್ರಿಕ್ಟ್ ಎಂಬ ನೀರು ನಿರ್ವಹಣಾ ಸಂಸ್ಥೆಯ ಅನುಮತಿ ಬೇಕು. ಅರ್ಜಿಯ ಜೊತೆ ನಕ್ಷೆಗಳೂ ಇರುತ್ತವೆ. ಹೊಸ ನೋಟ್‌ಬುಕ್ ತೆರೆದು ಮೊದಲ ಪುಟದಲ್ಲಿ ಅಪ್ಪನ ಪ್ರಶ್ನೆ ಬರೆದುಕೊಂಡೆ.