ಅಪ್ಪ ಅಮ್ಮ ಅವರ ಮನೆಯಲ್ಲೇ ಇರಬೇಕೇ? ಆರೈಕೆ ಹೊಂದಿಸುವುದು ಹೀಗೆ

ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ಎಂಬತ್ತು ದಾಟಿದ ಅಮ್ಮ ಊರಿನ ಮನೆಯಲ್ಲಿ ಒಬ್ಬರೇ. ಹಗಲಿಗೆ ಹೋಂ ನರ್ಸ್ ಇದ್ದಾರೆ. ಫಿಜಿಯೋಥೆರಪಿಯವರು ಬಂದು ಹೋಗುತ್ತಾರೆ. ಪಕ್ಕದ ಮನೆಯವರು ಮಾತ್ರೆ ತಂದುಕೊಡುತ್ತಾರೆ. ಇಷ್ಟೆಲ್ಲ ಇದ್ದೂ ಅಮ್ಮ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ಇಂಥ ಮನೆಗಳನ್ನು ತುಂಬಾ ನೋಡಿದ್ದೇನೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಎಡವಟ್ಟಾಗುವುದು ಅಲ್ಲೇ.

ಮೊದಲು ಅಮ್ಮನನ್ನೇ ಕೇಳಿ. ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು, ಅಡುಗೆ, ದುಡ್ಡಿನ ವ್ಯವಹಾರ. ಇವುಗಳಲ್ಲಿ ಅವರೇ ಮಾಡಿಕೊಳ್ಳುವುದು ಯಾವುದು, ಕೈ ಹಿಡಿಯಬೇಕಾದದ್ದು ಯಾವುದು ಅಂತ ಬರೆದುಕೊಳ್ಳಿ. ಕೂತು ಬೀನ್ಸ್ ಹೆಚ್ಚಲು ಆಗುತ್ತದೆ ಅಂದರೆ ಅವರೇ ಹೆಚ್ಚಲಿ, ನಿಧಾನವಾದರೂ ಪರವಾಗಿಲ್ಲ. ಎಲ್ಲವನ್ನೂ ಕೈಗೇ ತಂದುಕೊಟ್ಟು ಮಲಗಿಸಿದರೆ ಈ ವಯಸ್ಸಿನಲ್ಲಿ ಕಾಲಿನ ಶಕ್ತಿ ಬಹಳ ಬೇಗ ಹೋಗುತ್ತದೆ.

ಎರಡನೆಯದು, ಒಬ್ಬರು ಉಸ್ತುವಾರಿ. ಒಬ್ಬರೇ! ದುಡ್ಡು ಜಾಸ್ತಿ ಕೊಡುವವರೇ ಆಗಬೇಕೆಂದಿಲ್ಲ, ಫೋನ್ ಎತ್ತುವವರಾಗಿರಬೇಕು.

ಮೂರನೆಯದು ಮಾತ್ರೆ. ಹೆಚ್ಚಿನವರು ಸೋಲುವುದು ಇಲ್ಲಿ, ಹಾಗಾಗಿ ಇದಕ್ಕೆ ಅರ್ಧ ದಿನ ಎತ್ತಿಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ಫ್ರಿಜ್, ಬೀರು, ವ್ಯಾನಿಟಿ ಬ್ಯಾಗು, ದಿಂಬಿನ ಅಡಿ, ದೇವರ ಗೂಡು, ಎಲ್ಲ ಕಡೆ ಹುಡುಕಿ. ಲೇಹ್ಯ, ಕಷಾಯದ ಪುಡಿಯನ್ನೂ ಬಿಡಬೇಡಿ. ಈಗ ಮಾತ್ರೆಯ ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಹೆಸರಿನ ಜತೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಹೃದಯದ ಡಾಕ್ಟರು ಪ್ಯಾನ್ 40 ಬರೆದಿರುತ್ತಾರೆ, ಮೂಳೆ ಡಾಕ್ಟರು ಪ್ಯಾಂಟೋಸಿಡ್. ಎರಡರಲ್ಲೂ ಇರುವುದು ಪ್ಯಾಂಟೊಪ್ರಜೋಲ್ ಎಂಬ ಆ್ಯಸಿಡಿಟಿ ಔಷಧಿಯೇ, ಅಮ್ಮ ಎರಡನ್ನೂ ನುಂಗುತ್ತಿರುತ್ತಾರೆ. ಡೋಲೊ, ಕ್ರೋಸಿನ್ ಎರಡೂ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್‌ನಲ್ಲೂ ಅದೇ ಇದೆ, ಜತೆಗೆ ಐಬುಪ್ರೊಫೆನ್. ಬಿಪಿ, ಕಿಡ್ನಿ ತೊಂದರೆ ಇರುವವರು, ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಇರುವ ನೋವಿನ ಮಾತ್ರೆ ನುಂಗಬಾರದು.

ಹಾಗಂತ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಅಷ್ಟನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಒಬ್ಬ ಡಾಕ್ಟರ ಹತ್ತಿರ ಹೋಗಿ. ಪ್ರತಿ ಮಾತ್ರೆಗೂ ಮೂರು ಪ್ರಶ್ನೆ ಕೇಳಿ: ಇದು ಈಗಲೂ ಬೇಕಾ? ಊಟಕ್ಕೆ ಮುಂಚೆಯೋ ಆಮೇಲೋ? ಒಂದು ಹೊತ್ತು ಮರೆತರೆ ಏನು ಮಾಡಬೇಕು? ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜತೆ. ಕಾಫಿಗೆ ಕಡೇಪಕ್ಷ ಅರ್ಧ ಗಂಟೆ ಕಾಯಬೇಕು, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ. ಶುಗರ್ ಮಾತ್ರೆ ಕೊಟ್ಟು ಅಮ್ಮ ತಿಂಡಿ ಒಲ್ಲೆ ಅಂದರೆ, ಕೆಲವು ಮಾತ್ರೆಗಳಲ್ಲಿ ಶುಗರ್ ಅಪಾಯಕ್ಕೆ ಇಳಿಯುತ್ತದೆ. ಅದು ಯಾವ ಮಾತ್ರೆ ಅಂತ ಅಡುಗೆಯವರಿಗೂ ಗೊತ್ತಿರಬೇಕು.

ಡಾಕ್ಟರು ಉಳಿಸಿದ್ದನ್ನು ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಹೆಸರು, ಯಾವುದಕ್ಕೆ, ಯಾವಾಗ, ಯಾರು ಬರೆದದ್ದು. ಇದಲ್ಲದೆ ಬೇರೆ ಮಾತ್ರೆ ಹಾಳೆ ಮನೆಯಲ್ಲಿ ಇರಕೂಡದು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ದಿನವೇ ಈ ಕೆಲಸ ಇನ್ನೊಮ್ಮೆ ಆಗಬೇಕು. ಹೊಸ ಚೀಟಿಯ ಮಾತ್ರೆ, ಡಬ್ಬಿಯಲ್ಲಿದ್ದ ಹಳೇ ಮಾತ್ರೆ ಎರಡೂ ಒಟ್ಟಿಗೆ ಹೊಟ್ಟೆಗೆ ಹೋಗುವುದು ಆ ವಾರದಲ್ಲೇ. ಅಲಾರಂ ಹೊಡೆಯುವ ದುಬಾರಿ ಡಬ್ಬಿಗಳನ್ನು ಕೊಳ್ಳಬೇಡಿ. ಅದು ಕೂಗಿದಾಗ ಗಾಬರಿಯಾಗಿ ಪ್ಲಗ್ ಕಿತ್ತವರಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮನೆ ಮಾಡಿರುವ ಸಾದಾ ಡಬ್ಬಿ ಸಾಕು. ಸ್ಟ್ರಿಪ್‌ನಿಂದ ಮೊದಲೇ ಬಿಡಿಸಿಡಬಾರದ ಮಾತ್ರೆಗಳೂ ಇವೆ, ಮೆಡಿಕಲ್ ಶಾಪಿನವರನ್ನು ಕೇಳಿ ತುಂಬಿ.

ನಾಲ್ಕು, ಒಂದು ನೋಟ್‌ಬುಕ್. ಪೆನ್ನನ್ನು ದಾರದಲ್ಲಿ ಕಟ್ಟಿ ಫ್ರಿಜ್ ಪಕ್ಕ ನೇತುಹಾಕಿ. ಮನೆಗೆ ಬಂದ ಪ್ರತಿಯೊಬ್ಬರೂ ಎರಡು ಸಾಲು ಬರೆಯಬೇಕು: ‘ಬೆಳಿಗ್ಗೆ 8, ಎರಡು ಇಡ್ಲಿ, ಮಾತ್ರೆ ಕೊಟ್ಟಿದೆ. ಬಲಗಾಲು ಊದಿದೆ. ವಾಕಿಂಗ್ ಬೇಡ ಅಂದರು.’ ಉಸ್ತುವಾರಿಯವರು ರಾತ್ರಿ ಫೋನಿನಲ್ಲಿ ಅದನ್ನು ಓದಿಸಿಕೊಳ್ಳಲಿ. ಕಾಲು ಊದಿದ್ದು ಫಿಜಿಯೋಥೆರಪಿಯವರ ಕಣ್ಣಿಗೆ ಬಿದ್ದು, ಡಾಕ್ಟರಿಗೆ ಮುಟ್ಟುವುದು ಹೀಗೆ. ವಾಟ್ಸಾಪ್ ಗ್ರೂಪನ್ನೇ ನಂಬಬೇಡಿ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಇಂಥ ಮಾತು ಕಳೆದುಹೋಗುತ್ತದೆ.

ಬಚ್ಚಲಿಗೆ ಗೋಡೆ ಕೊರೆದು ಸ್ಕ್ರೂ ಹಾಕಿದ ಹಿಡಿಕೆ ಬೇಕು. ಗಾಳಿಯ ಒತ್ತಡದಲ್ಲಿ ಟೈಲ್ಸ್‌ಗೆ ಅಂಟಿಕೊಳ್ಳುವ ಹಿಡಿಕೆಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ, ಮೈಭಾರ ಬಿದ್ದಾಗ ಕಿತ್ತು ಬರುತ್ತವೆ. ಬೇಡವೇ ಬೇಡ.

ಹೋಂ ನರ್ಸ್ ಅಂತ ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ. ಇಂಜೆಕ್ಷನ್, ಕ್ಯಾಥೆಟರ್ (ಮೂತ್ರದ ಕೊಳವೆ) ಇದ್ದರೆ ಓದಿದವರೇ ಬೇಕು ಅಂತ ಏಜೆನ್ಸಿಗೆ ಹೇಳಿ. ಅವರಿಗೂ ಊಟ, ನಿದ್ದೆ, ವಾರದ ರಜೆ ಇರಲಿ. ಆ ದಿನಕ್ಕೆ ಯಾರು ಅನ್ನುವುದು ಮೊದಲೇ ತೀರ್ಮಾನವಾಗಬೇಕು. ಎಟಿಎಂ ಕಾರ್ಡ್ ಅಮ್ಮನ ಹತ್ತಿರವೇ ಇರಲಿ.

70 ದಾಟಿದವರಿಗೆ, ಆದಾಯ ಎಷ್ಟೇ ಇರಲಿ, 2024ರಿಂದ ಕೇಂದ್ರ ಸರ್ಕಾರದ ಆಯುಷ್ಮಾನ್ ವಯ ವಂದನಾ ಕಾರ್ಡ್ ಇದೆ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಗೆ ಆಗುತ್ತದೆ, ಹೋಂ ನರ್ಸ್ ಸಂಬಳಕ್ಕೆ ಬರುವುದಿಲ್ಲ. ಹಿರಿಯರ ಸಹಾಯವಾಣಿ 14567, ಆಂಬುಲೆನ್ಸ್ 108. ಎರಡನ್ನೂ ಮಾತ್ರೆ ಹಾಳೆಯ ತಲೆಯಲ್ಲೇ ಬರೆದುಬಿಡಿ.

ತಿಂಗಳಿಗೊಮ್ಮೆ ಎಲ್ಲರೂ ಫೋನಿನಲ್ಲಿ ಕೂತು ಮಾತಾಡಿ. ಅಮ್ಮ ಅಲ್ಲಿರಲೇಬೇಕು, ಮೊದಲು ಅವರೇ ಮಾತಾಡಲಿ. ಸಂಜೆ ನೋಡಿಕೊಳ್ಳಲು ಬರುವ ಹುಡುಗಿ ಬೇಡ, ದೇವಸ್ಥಾನಕ್ಕೆ ಆಟೋ ಗೊತ್ತು ಮಾಡಿ ಸಾಕು ಅಂದರೆ, ಮುಂದಿನ ತಿಂಗಳು ಹಾಗೇ ಮಾಡಿ ನೋಡಿ.