ಖಾಲಿ ಹಸು ಯಾವುದು? ಹಾಲಲ್ಲೇ ಹಿಡಿದ ನನ್ನ ಅನುಭವ

ಸೆಮೆನ್ ಹಾಕಿಸಿ (ಕೃತಕ ಗರ್ಭಧಾರಣೆ ಮಾಡಿಸಿ) ಮೂರು ವಾರಕ್ಕೆ ಹಾಲು ನೋಡಿ "ಈ ಹಸು ಖಾಲಿ, ಗಬ್ಬ ನಿಂತಿಲ್ಲ" ಅಂತ ಹೇಳಿಬಿಡುತ್ತೇನೆ ಎಂದಾಗ ಜೊತೆಯ ಹೈನುಗಾರರು ಯಾರೂ ನಂಬಲಿಲ್ಲ. "ಕೈ ಹಾಕಿ ನೋಡದೆ ಗಬ್ಬ ಹೇಗೆ ಗೊತ್ತಾಗುತ್ತೆ? ಸುಮ್ನೆ ದುಡ್ಡು ಕಳೀಬೇಡ" ಎಂದರು. ಎರಡು ವರ್ಷದ ಮೇಲಾಯಿತು. ನಾನು ಖಾಲಿ ಎಂದ ಒಂದು ಹಸುವಿನಲ್ಲೂ ಡಾಕ್ಟರ ಕೈಗೆ ಗಬ್ಬ ಸಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೆದೆಯ ಗುರುತು, ಸೆಮೆನ್ ಹಾಕಿಸುವ ಹೊತ್ತು, ಇವೆಲ್ಲ ನಿಮಗೆ ಗೊತ್ತಿರುವಂಥವೇ. ಅದಕ್ಕೆ ಕೈ ಹಾಕುವುದಿಲ್ಲ.

ನನ್ನದು ಹದಿನೈದಿಪ್ಪತ್ತು ಹಸುಗಳ ಕೊಟ್ಟಿಗೆ. ಮೊದಲು ಎಲ್ಲರ ಹಾಗೆ ನಾನೂ ಕಾಯುತ್ತಿದ್ದೆ. ತಿರುಗಿ ಬೆದೆಗೆ ಬರಲಿಲ್ಲ ಅಂದರೆ ಗಬ್ಬ ನಿಂತಿದೆ ಅಂತ ಲೆಕ್ಕ. ಮೂರು ತಿಂಗಳಾದ ಮೇಲೆ ಡಾಕ್ಟರು ಗುದದ್ವಾರದಿಂದ ಕೈ ಹಾಕಿ ಗರ್ಭಕೋಶ ಮುಟ್ಟಿ ನೋಡಿ "ಏನೂ ಇಲ್ಲ" ಅನ್ನುವಷ್ಟರಲ್ಲಿ ನಾಲ್ಕು ಬೆದೆ ಕಳೆದಿರುತ್ತಿತ್ತು. ಹಾಲು ಇಳಿಯುತ್ತಾ ಬಂತು, ಹಿಂಡಿ ಬೂಸಾ ಅಷ್ಟೇ ಹೋಯಿತು, ಕರು ಹಾಕುವುದು ಮೂರು ತಿಂಗಳು ಮುಂದೆ ಹೋಯಿತು. ಇಂಥ ಎರಡು ಹಸು ಒಂದೇ ವರ್ಷದಲ್ಲಿ ಸಿಕ್ಕರೆ ಆ ವರ್ಷದ ಲಾಭ ಅಲ್ಲಿಗೇ ಮುಗಿಯಿತು. ಕೂತು ಲೆಕ್ಕ ಹಾಕಿದಾಗ ನನಗೆ ಗೊತ್ತಾದದ್ದು ಒಂದೇ: ಗಬ್ಬ ನಿಂತ ಹಸುವನ್ನು ಬೇಗ ಗುರುತಿಸಿದರೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಖಾಲಿ ಹಸುವನ್ನು ಬೇಗ ಹಿಡಿದರೆ ಮಾತ್ರ ದುಡ್ಡು ಉಳಿಯುತ್ತದೆ.

ಮೊದಲು ಅಗ್ಗದ ದಾರಿಗಳನ್ನೆಲ್ಲ ನೋಡಿದೆ. ಬಾಲದ ಬುಡಕ್ಕೆ ಬಣ್ಣ ಹಚ್ಚಿದೆ. ಬಿಟ್ಟು ಮೇಯಿಸುವ ಹಸುಗಳಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿದಾಗ ಬಣ್ಣ ಉಜ್ಜಿ ಹೋಗುತ್ತದೆ, ಬೆದೆ ಗೊತ್ತಾಗುತ್ತದೆ. ಕಟ್ಟಿ ಸಾಕುವ ನನ್ನ ಕೊಟ್ಟಿಗೆಯಲ್ಲಿ ಹತ್ತುವುದು ಎಲ್ಲಿಂದ ಬರಬೇಕು? ಬಣ್ಣ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು, ಬೆದೆ ಮಾತ್ರ ಹೋಗಿತ್ತು.

ಆಮೇಲೆ ಬೇರಿಯಂ ಕ್ಲೋರೈಡ್. ಸುಮಾರು 5 ಮಿ.ಲೀ. ಗಂಜಲಕ್ಕೆ 1 ಶೇಕಡಾ ದ್ರಾವಣದ ಐದಾರು ಹನಿ. ಬಿಳಿ ಗಸಿ ಕಟ್ಟಿದರೆ ಖಾಲಿ, ತಿಳಿಯಾಗಿಯೇ ಉಳಿದರೆ ಗಬ್ಬ. ಕೇಳಲು ಚೆನ್ನ. ನನ್ನಲ್ಲಿ ಒಂದೇ ಹಸು ಬೆಳಿಗ್ಗೆ ಗಸಿ ಕಟ್ಟಿತು, ಸಂಜೆ ಅರೆಬರೆ ಕಟ್ಟಿತು. ಮೇವು ಬದಲಾದ ವಾರ ಎಲ್ಲವೂ ಖಾಲಿ ಅಂತಲೇ ತೋರಿಸಿತು. ಅದು ವಿಷ ಬೇರೆ, ಮಕ್ಕಳು ಓಡಾಡುವ ಜಾಗದಲ್ಲಿ ಇಡುವಂಥದ್ದಲ್ಲ. ಬಿಟ್ಟೆ.

ಗೋಧಿ ಮೊಳಕೆಯ ಪರೀಕ್ಷೆಯನ್ನು ಮಾತ್ರ ಬಹಳ ಪ್ರೀತಿಯಿಂದ ಮಾಡಿದೆ. ಪುಣ್ಯಕೋಟಿ ಪರೀಕ್ಷೆ ಅಂತಲೇ ಅದಕ್ಕೆ ಹೆಸರು. 3000 ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಹೆಂಗಸರ ಮೂತ್ರವನ್ನು ಗೋಧಿ, ಬಾರ್ಲಿಗೆ ಹಾಕಿ ಬಸಿರು ನೋಡುತ್ತಿದ್ದರಂತೆ. ಅದನ್ನೇ ದನಕ್ಕೆ ಹೊಂದಿಸಿದ್ದು 1993ರಲ್ಲಿ ಬೆಳಕಿಗೆ ಬಂತು. ಒಂದು ಪಾಲು ಗಂಜಲಕ್ಕೆ 14 ಪಾಲು ನೀರು. ತಟ್ಟೆಯಲ್ಲಿ ಹದಿನೈದು ಕಾಳು, ಐದು ದಿನ. ಗಬ್ಬದ ಹಸುವಿನ ಗಂಜಲದಲ್ಲಿ ಮೊಳಕೆ ತಡೆಯುವ ಅಬ್ಸಿಸಿಕ್ ಆಮ್ಲ ಜಾಸ್ತಿ, ಹಾಗಾಗಿ ಕಾಳು ಸರಿಯಾಗಿ ಒಡೆಯುವುದಿಲ್ಲ, ಒಡೆದರೂ ಮೊಳಕೆ ಗಿಡ್ಡ. ಬರೀ ನೀರಿನ ತಟ್ಟೆಯೊಂದು ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಹಳೇ ಬೀಜದ ತಪ್ಪನ್ನು ಹಸುವಿನ ಮೇಲೆ ಹಾಕುತ್ತೀರಿ. ನನ್ನಲ್ಲಿ ನಾಲ್ಕೈದು ತಿಂಗಳ ಗಬ್ಬದ ಹಸುಗಳಿಗೆ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣಿಸಿತು. ಒಂದು ತಿಂಗಳಿನವಕ್ಕೆ ಅರ್ಧಕ್ಕರ್ಧ ಗೊಂದಲ. ನನಗೆ ಬೇಕಾಗಿದ್ದದ್ದು ಆ ಮೊದಲ ತಿಂಗಳೇ. ಹೆಸರುಕಾಳಿನಲ್ಲೂ ಮಾಡಿದೆ, ತಟ್ಟೆಗಳೆಲ್ಲ ಬೂಸ್ಟು ಹಿಡಿದವು.

ಕೊನೆಗೆ ಹಾಲಿಗೆ ಬಂದೆ. ಪ್ರೊಜೆಸ್ಟರಾನ್ ಅಂದರೆ ಗಬ್ಬ ಉಳಿಸುವ ಹಾರ್ಮೋನು. ಗಬ್ಬ ನಿಂತರೆ ಹಾಲಿನಲ್ಲಿ ಅದು ಮೇಲೇ ಇರುತ್ತದೆ, ಖಾಲಿ ಇದ್ದರೆ ಮುಂದಿನ ಬೆದೆಯ ಹೊತ್ತಿಗೆ ಇಳಿಯುತ್ತದೆ. ಪ್ರೊಜೆಸ್ಟರಾನ್ ನೋಡುವ ಸ್ಟ್ರಿಪ್‌ಗಳು. ಒಂದು ಸ್ಟ್ರಿಪ್ ಕೈಗೆ ಬಂದಾಗ ಜಾಸ್ತಿ ಅನ್ನಿಸಿತು, ನಿಜ. ಆದರೆ ಒಂದು ಬೆದೆ ತಪ್ಪಿದರೆ 21 ದಿನದ ಮೇವಿನ ಖರ್ಚು ಅಲ್ವಾ? ಅದರ ಮುಂದೆ ಇಟ್ಟು ನೋಡಿದರೆ ಏನೂ ಅಲ್ಲ.

ಮೊದಲ ಡಬ್ಬಿ ಪೂರ್ತಿ ದಂಡವಾಯಿತು. 21ನೇ ದಿನಕ್ಕೆ ಒಂದೇ ಸಲ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲ ಹಸುವಿಗೂ 21 ದಿನದ ಲೆಕ್ಕ ಇರುವುದಿಲ್ಲ. ಕೆಲವು 18ಕ್ಕೇ ಬರುತ್ತವೆ, ಕೆಲವು 24 ಮಾಡುತ್ತವೆ. 24 ದಿನದ ಹಸು ಖಾಲಿ ಇದ್ದರೂ 20, 21ರಲ್ಲಿ ಪ್ರೊಜೆಸ್ಟರಾನ್ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಹಾಗಂತ 24ಕ್ಕೆ ನೋಡೋಣ ಅಂದರೆ, 18 ದಿನದ್ದು ಗುರುತೇ ತೋರದ ಮೂಕ ಬೆದೆಯಲ್ಲಿ ಹೋಗಿದ್ದರೆ 24ರ ಹೊತ್ತಿಗೆ ಮತ್ತೆ ಏರಲು ಶುರು. ಎರಡೂ "ಗಬ್ಬ" ಅಂತ ಮೋಸ ಮಾಡುತ್ತವೆ. ಹಾಗಾಗಿ ನಾನು 20ಕ್ಕೆ ಒಂದು, 23ಕ್ಕೆ ಒಂದು ಹಾಲು ನೋಡುತ್ತೇನೆ. ಎರಡರಲ್ಲಿ ಯಾವುದಾದರೂ ಒಂದರಲ್ಲಿ ಕಡಿಮೆ ಬಂದರೂ ಹಸು ಖಾಲಿ. ಪ್ರೊಜೆಸ್ಟರಾನ್ ಬಿದ್ದ ಮೇಲೆ ಗಬ್ಬ ನಿಲ್ಲುವ ಮಾತೇ ಇಲ್ಲ.

ಇದಕ್ಕಿಂತ ದೊಡ್ಡ ಲಾಭ ಬಂದದ್ದು ಇನ್ನೊಂದು ಹಾಲಿನಿಂದ. ಸೆಮೆನ್ ಹಾಕಿಸುವ ದಿನದ ಹಾಲು. ನಿಜವಾದ ಬೆದೆಯಾದರೆ ಅವತ್ತು ಪ್ರೊಜೆಸ್ಟರಾನ್ ತಳ ಹಿಡಿದಿರಬೇಕು. ಜಾಸ್ತಿ ಇದೆ ಅಂದರೆ ಅದು ಬೆದೆಯೇ ಅಲ್ಲ, ಇಲ್ಲವೇ ಹಸು ಆಗಲೇ ಗಬ್ಬ. ಇದನ್ನು ಶುರು ಮಾಡಿದ ಮೇಲೆ ಹತ್ತರಲ್ಲಿ ಒಂದೆರಡು ಸಲ ಸುಮ್ನೆ ಸೆಮೆನ್ ಹಾಕಿಸುವುದು ತಪ್ಪಿತು. ಗಬ್ಬದಲ್ಲೂ ಬೆದೆ ತೋರಿಸುವ ಹಸುಗಳಿವೆ, ಅದು ನಿಮಗೂ ಗೊತ್ತು. ನನ್ನ ಕಪ್ಪು ಹಸು ಒಂದು ಹಾಗೇ ಕೂಗಿತು. ಲೋಳೆ ಸ್ವಲ್ಪ, ಅದೂ ಮಂದ. ಹಾಲು ನೋಡಿದೆ, ಪ್ರೊಜೆಸ್ಟರಾನ್ ಮೇಲೇ ಇತ್ತು. ಸೆಮೆನ್ ಬೇಡ ಎಂದು ತಡೆದೆ. ಡಾಕ್ಟರು ಕೈ ಹಾಕಿ ಎರಡು ತಿಂಗಳ ಗಬ್ಬ ಎಂದರು. ಅವತ್ತಿನಿಂದ ಅವರೂ ನಾನು ಇದನ್ನೆಲ್ಲ ಬರೆದಿಡುವ ಪುಸ್ತಕ ಕೇಳಿ ನೋಡುತ್ತಾರೆ.

ಸ್ಟ್ರಿಪ್ ಓದುವುದರಲ್ಲಿ ಹೊಸಬರು ಎಡವುವುದು ಒಂದು ಕಡೆ. ನಾನು ಬಳಸುವುದರಲ್ಲಿ ಪರೀಕ್ಷೆಯ ಗೆರೆ ಗಾಢವಾಗಿ ಬಂದರೆ ಪ್ರೊಜೆಸ್ಟರಾನ್ ಕಡಿಮೆ, ಮಸುಕಾದರೆ ಜಾಸ್ತಿ. ಗೆರೆ ಕಂಡರೆ ಗಬ್ಬ ಅಂದುಕೊಂಡವರು ಎಲ್ಲ ತಿರುವುಮುರುವು ಮಾಡುತ್ತಾರೆ. ಅರೆ ಮಸುಕು ಬಂದಾಗ ಏನು ಮಾಡಬೇಕು? ಅದಕ್ಕೆ ನಾನು ಪಕ್ಕದಲ್ಲಿ ಇನ್ನೆರಡು ಸ್ಟ್ರಿಪ್ ಇಡುತ್ತೇನೆ. ಒಂದಕ್ಕೆ ಐದು ತಿಂಗಳ ಗಬ್ಬದ ಹಸುವಿನ ಹಾಲು, ಇನ್ನೊಂದಕ್ಕೆ ಅವತ್ತೋ ನಿನ್ನೆಯೋ ಚೆನ್ನಾಗಿ ಬೆದೆಯಲ್ಲಿದ್ದ ಹಸುವಿನ ಹಾಲು. ಮೂರನ್ನೂ ಬಾಗಿಲ ಬೆಳಕಿಗೆ ಹಿಡಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಖರ್ಚು ಅನ್ನುತ್ತೀರಿ. ಅನುಮಾನ ಬಂದ ಸಲ ಮಾತ್ರ ಮಾಡಿ.

ಹಾಲು ತೆಗೆಯುವುದೂ ಒಂದೇ ಥರ ಇರಬೇಕು. ಪ್ರೊಜೆಸ್ಟರಾನ್ ಕೊಬ್ಬಿನ ಜೊತೆ ಹೋಗುತ್ತದೆ. ಮೊದಲ ಧಾರೆಯಲ್ಲಿ ಕೊಬ್ಬು ಕಡಿಮೆ, ಕೊನೆಯ ಧಾರೆಯಲ್ಲಿ ಜಾಸ್ತಿ. ಒಂದು ದಿನ ಮೊದಲ ಧಾರೆ, ಇನ್ನೊಂದು ದಿನ ಕೊನೆಯದು ತೆಗೆದು ಹೋಲಿಸಿದರೆ ಉತ್ತರ ಹೇಗೆ ಸರಿ ಬರುತ್ತೆ? ನಾನು ಆ ಹಸುವನ್ನು ಪೂರ್ತಿ ಕರೆದು, ಬಕೆಟ್ಟಿನ ಹಾಲು ಕಲಕಿ, ಅದರಿಂದ ತೆಗೆಯುತ್ತೇನೆ. ಕೆಚ್ಚಲು ಬಾವು ಇದ್ದ ಹಾಲು ಮುಟ್ಟುವುದಿಲ್ಲ. ಸ್ಟ್ರಿಪ್‌ಗಳು ಫ್ರಿಜ್‌ನಲ್ಲಿದ್ದರೆ ತೆಗೆದು ತಣ್ಣಗಿರುವಾಗಲೇ ಹಾಕಬೇಡಿ, ಅರ್ಧ ಗಂಟೆ ಹೊರಗಿಡಿ. ಸ್ಟ್ರಿಪ್ ಕಡಿಮೆ ಖರ್ಚಾಗುವಂತೆ ದಿನಗಳನ್ನು ಜೋಡಿಸಿಕೊಳ್ಳುವ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಎರಡು ಡಬ್ಬಿ ಮುಗಿಸಿದವರಿಗೆ ತಾನಾಗಿ ಹೊಳೆಯುತ್ತದೆ.

ಖಾಲಿ ಅಂತ ಬಂದ ತಕ್ಷಣ ಏನು? ಮೂಕ ಬೆದೆ ಆಗಲೇ ದಾಟಿರದಿದ್ದರೆ ಆ ಹಸು ಬೆದೆಯಲ್ಲೇ ಇದೆ, ಇಲ್ಲವೇ ಇಂದೋ ನಾಳೆಯೋ ಬರುತ್ತದೆ. ಬೆಳಿಗ್ಗೆ, ಸಂಜೆ, ರಾತ್ರಿ ಮಲಗುವ ಮುಂಚೆ ಬಾಲದ ಹತ್ತಿರ ನಿಂತು ನೋಡುತ್ತೇನೆ. ಮಲಗಿ ಎದ್ದ ಜಾಗದಲ್ಲಿ ತಿಳಿ ಲೋಳೆಯ ದಾರ ಸಿಕ್ಕರೆ ಅದೇ ಬೆದೆಯಲ್ಲಿ ಸೆಮೆನ್. ಒಂದು ಸುತ್ತೂ ದಂಡವಾಗುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ಸುಮಾರು 30 ದಿನಕ್ಕೆ ಗೊತ್ತಾಗುತ್ತದೆ, ರಕ್ತ ಪರೀಕ್ಷೆಗೂ ಹೆಚ್ಚುಕಡಿಮೆ ಅಷ್ಟೇ. ಒಳ್ಳೆಯವೇ, ಆದರೆ ಅಷ್ಟರಲ್ಲಿ ಒಂದು ಬೆದೆ ದಾಟಿರುತ್ತದೆ.

ಗಬ್ಬ ಅಂತ ಬಂದದ್ದನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಐದರಲ್ಲಿ ನಾಲ್ಕು ನಿಜವಾಗುತ್ತವೆ. ಉಳಿದದ್ದು ಗರ್ಭ ನಿಂತು ಕರಗಿದ್ದಿರಬಹುದು, ಗರ್ಭಕೋಶದ ಕೀವಿರಬಹುದು, ಅಂಡಾಶಯದ ಗುಳ್ಳೆ ಇರಬಹುದು. ಹಾಗಾಗಿ 45ರಿಂದ 60 ದಿನದೊಳಗೆ ಡಾಕ್ಟರನ್ನು ಕರೆಸಿ ಕೈ ಹಾಕಿಸುತ್ತೇನೆ, ಮೂರು ತಿಂಗಳಿಗೆ ಇನ್ನೊಮ್ಮೆ. ಕಲಿಯದೆ ನೀವೇ ಕೈ ಹಾಕಲು ಹೋಗಬೇಡಿ. ಕರುಳು ಹರಿದರೆ ಹಸುವೇ ಹೋಗುತ್ತದೆ. ಬೆದೆಗೆ ತರಿಸುವ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಡಿಸುವ ಮುಂಚೆಯೂ ಡಾಕ್ಟರು ಒಮ್ಮೆ ನೋಡಲೇಬೇಕು, ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ.

ಈಗ ಕಡಸುಗಳ ಹಿಂದೆ ಬಿದ್ದಿದ್ದೇನೆ. ಅವಕ್ಕೆ ಹಾಲಿಲ್ಲ, ಹಾಗಾಗಿ ಈ ದಾರಿ ನಡೆಯುವುದಿಲ್ಲ. ಸದ್ಯಕ್ಕೆ 30 ದಿನಕ್ಕೆ ಸ್ಕ್ಯಾನ್ ಮಾಡಿಸುತ್ತಿದ್ದೇನೆ. ಗೋಧಿ ತಟ್ಟೆಯನ್ನೂ ಅವುಗಳ ಗಂಜಲದಲ್ಲಿ ಮತ್ತೆ ಇಟ್ಟಿದ್ದೇನೆ, ಈ ಸಲ ನೀರಿನ ತಟ್ಟೆಯ ಜೊತೆಗೆ ಖಾಲಿ ಎಂದು ಖಾತ್ರಿಯಿರುವ ಕಡಸಿನದೂ ಒಂದು ಇದೆ.